ಬಚ್ಚಲುಮನೆಯ ಗಾಳಿಮಾತು

ಮೆಟ್ಟಿಲಿಳಿಯುತ್ತಿದ್ದ ಲೈಬ್ರರಿಯವರನ್ನು ತಡೆದು ಎದುರುಮನೆ ವಕೀಲರು ಕೇಳಿದ ಒಂದೇ ಪ್ರಶ್ನೆಯಿಂದ ಅವತ್ತಿನ ರಗಳೆ ಶುರುವಾಯಿತು.

"ಏನ್ ಸಾರ್, ನಾನು ಕೋರ್ಟಲ್ಲಿ ಬರೀ ತೌಡು ಕುಟ್ತೀನಾ?"

ಆ ಮಾತನ್ನು ಲೈಬ್ರರಿಯವರು ಆಡಿದ್ದು ನಿಜ. ಆದರೆ ಆಡಿದ್ದು ಅರ್ಧ ಗಂಟೆ ಹಿಂದೆ, ಬಚ್ಚಲುಮನೆಯಲ್ಲಿ, ಚಿಲಕ ಹಾಕಿಕೊಂಡು, ಮೈತುಂಬ ಸೋಪು ಬಳಿದುಕೊಂಡು!

ಅವರದು ಬಾಯಿ ಮುಚ್ಚಿಕೊಂಡು ಹೊಟ್ಟೆ ಹೊರೆಯುವ ಕೆಲಸ. ಗ್ರಂಥಾಲಯದಲ್ಲಿ ಹತ್ತರಿಂದ ಐದರವರೆಗೆ ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಿ ಬರಬೇಕು. ಓದುಗರು ಕಣ್ಣೆದುರೇ ಹಾಳೆ ಹರಿದರೂ, ಮುಖ್ಯಸ್ಥೆ ಮೇಡಂ ಎಲ್ಲರ ಮುಂದೆ ಗದರಿದರೂ ಪಿಸುಗುಟ್ಟಬೇಕೇ ಹೊರತು ದನಿ ಏರಿಸುವಂತಿಲ್ಲ. ಹೀಗೆ ಗಂಟಲಲ್ಲೇ ಉಳಿದ ಸಿಟ್ಟನ್ನೆಲ್ಲ ಮರುದಿನ ಬೆಳಿಗ್ಗೆ ಬಚ್ಚಲಲ್ಲಿ, ಎಕ್ಸಾಸ್ಟ್ ಫ್ಯಾನಿನ ಗುಯ್‌ಗುಟ್ಟುವಿಕೆಯ ಮರೆಯಲ್ಲಿ, ಹೊರಗೆ ಹಾಕುತ್ತಿದ್ದರು. ಈ ಮನೆಗೆ ಬಂದ ಎರಡು ತಿಂಗಳಲ್ಲಿ ಸ್ನಾನ ತಪ್ಪಿದರೂ ಬೈಗುಳ ತಪ್ಪಿರಲಿಲ್ಲ.

ವಕೀಲರಿಗೆ ಏನೋ ತೊದಲಿ ತಪ್ಪಿಸಿಕೊಂಡು ಬಂದರೆ, ಲೈಬ್ರರಿಯಲ್ಲಿ ಮೇಡಂ ಕಾದು ಕೂತಿದ್ದರು.

"ಗೆದ್ದಲಾದರೂ ಪುಸ್ತಕದ ಒಳಗೆ ಹೋಗುತ್ತೆ, ಈ ಮೇಡಂ ರಟ್ಟು ಕೂಡ ತೆರೆಯಲ್ಲ ಅಂದ್ರಂತೆ. ಹೌದಾ?"

ಲೈಬ್ರರಿಯವರಿಗೆ ನೆಲ ಬಾಯ್ಬಿಡಬಾರದೇ ಎನಿಸಿತು. "ಯಾ... ಯಾರು ಹೇಳಿದ್ದು ಮೇಡಂ?"

"ನಿಮ್ಮ ಮೇಲಿನ ಮನೆ ನರ್ಸಮ್ಮ ನಮ್ಮ ಹಳೇ ಮೆಂಬರು. ಇನ್ನೊಂದು ಸಲ ಇಂಥದ್ದು ನನ್ನ ಕಿವಿಗೆ ಬಿದ್ರೆ, ನೆಲಮಾಳಿಗೇಲಿ ಹಳೇ ಪೇಪರ್ ಕಟ್ಟು ಕಟ್ತಾ ಕೂತಿರ್ತೀರಿ, ನೆನಪಿರಲಿ."

ಅರ್ಧ ದಿನ ರಜೆ ಬರೆದುಕೊಟ್ಟು, ಬಾಲಕ್ಕೆ ಬೆಂಕಿ ಬಿದ್ದ ಕೋತಿಯಂತೆ ಮನೆಗೆ ಹಾರಿ ಬಂದವರು ಹೆಂಡತಿಯ ಮೇಲೆ ಹರಿಹಾಯ್ದರು. "ಮನೆ ಮಾತನ್ನ ಬೀದಿಗೆ ಹಾಕ್ತೀಯಲ್ಲ, ನಾಚಿಕೆ ಆಗಲ್ವಾ?"

"ನಿಮ್ಮ ಮಾತು ಕೇಳೋಕೆ ನನಗೆಲ್ಲಿದೆ ಪುರುಸೊತ್ತು? ನೀವು ಬಚ್ಚಲಿಗೆ ಹೋದ ಕೂಡಲೇ ನಾನು ಮಿಕ್ಸಿ ಹಾಕ್ತೀನಿ" ಎಂದ ಆಕೆ, ಸೀದಾ ಮೇಲೆ ಹೋಗಿ ನರ್ಸಮ್ಮನನ್ನೇ ಕರೆತಂದರು. ಗಲಾಟೆಯ ವಾಸನೆ ಹಿಡಿದು ವಕೀಲರೂ ಬಂದರು.

"ಅವಳದೇನು ತಪ್ಪಪ್ಪಾ?" ಎಂದರು ನರ್ಸಮ್ಮ. "ನೀನು ಬೈಯೋದು ನಮ್ಮ ಬಚ್ಚಲ ಫ್ಯಾನಿಂದಲೇ ಬರುತ್ತಲ್ಲ!"

"ನಮ್ಮನೇಲೂ ಅಷ್ಟೇ" ಎಂದರು ವಕೀಲರು. "ಬಚ್ಚಲುಬಾಯಿ ಅಂತ ಜನ ಅನ್ನೋದು ಕೇಳಿದ್ದೆ. ಪ್ರತ್ಯಕ್ಷ ಕೇಳಿದ್ದು ಇಲ್ಲೇ."

ಎಲೆಕ್ಟ್ರಿಷಿಯನ್ ಬಂದ. ಬಚ್ಚಲ ಸೂರಿನ ಹಲಗೆ ಬಿಚ್ಚಿ, ಒಳಗೆ ತಲೆ ತೂರಿಸಿ, ಜೇಡರಬಲೆ ಸಮೇತ ಹೊರಗೆಳೆದುಕೊಂಡ.

"ಮನೆ ಕಟ್ಟಿದ ಕಂಟ್ರಾಕ್ಟರು ಮೂರು ಮನೆ ಫ್ಯಾನಿನ ಪೈಪನ್ನೂ ತಂದು ಒಂದೇ ಡಬ್ಬಿಗೆ ಸೇರಿಸಿ ಕೈ ತೊಳ್ಕೊಂಡಿದಾರೆ ಸಾರ್. ಡಬ್ಬಿಯಿಂದ ಆಚೆಗೆ ದಾರೀನೇ ಇಲ್ಲ. ನಿಮ್ಮ ಹಬೆ ಎಲ್ಲಿಗೂ ಹೋಗ್ತಿಲ್ಲ, ಮಾತು ಮಾತ್ರ ಎಲ್ಲಾ ಮನೆಗೂ ಹೋಗ್ತಿದೆ."

"ಹಾಗಾದ್ರೆ ಇವರ ಮಾತು ನನಗ್ಯಾಕೆ ಕೇಳಿಸಲಿಲ್ಲ?"

"ನೀನು ಬಾಯಿ ಮುಚ್ಚಿದ್ರೆ ತಾನೆ ಕೇಳೋದು?" ಎಂದರು ನರ್ಸಮ್ಮ.

ಲೈಬ್ರರಿಯವರ ಮೂಗಿನ ಹೊಳ್ಳೆ ಅರಳಿತು. "ನನ್ನ ಪೈಪು ಬೇರೆ ಮಾಡು. ಇವತ್ತೇ, ಈಗಲೇ. ಗೋಡೆ ಕೊರೆದು ನೇರ ಹೊರಗೆ ಬಿಡು!"

"ಹೊರಗೋಡೆ ಎಲ್ಲರಿಗೂ ಸೇರಿದ್ದು. ನನ್ನ ಆಕ್ಷೇಪಣೆ ಇದೆ" ಎಂದರು ವಕೀಲರು.

"ಬೇಡ ಕಣಪ್ಪ" ಎಂದರು ನರ್ಸಮ್ಮ. "ಬೆಳಿಗ್ಗೆ ನಿನ್ನ ದನಿ ಕೇಳಿದ ಮೇಲೇ ನಾನು ಮಾತ್ರೆ ನುಂಗೋದು. ಗಡಿಯಾರ ತಪ್ಪಿದ್ರೂ ನೀನು ತಪ್ಪಲ್ಲ."

"ಇದೇನು ಬಚ್ಚಲೋ, ರೇಡಿಯೋ ಸ್ಟೇಷನ್ನೋ?" ಲೈಬ್ರರಿಯವರು ಕಿರುಚಿದರು. "ದಿನವಿಡೀ ಬಾಯಿಗೆ ಬೀಗ ಹಾಕ್ಕೊಂಡಿರೋ ಮನುಷ್ಯ ನಾನು. ಹತ್ತು ನಿಮಿಷ ಒಬ್ಬನೇ ನಿಂತು ಬೈಕೊಳ್ಳೋಕೂ ನನಗೆ ಹಕ್ಕಿಲ್ವಾ? ನನ್ನ ಸಿಟ್ಟು ನನ್ನ ಸ್ವಂತದ್ದು ಸ್ವಾಮಿ!"

ಕೊರೆಯುವ ಯಂತ್ರ ಗರ್ಜಿಸಿತು. ಎಲ್ಲರ ತಲೆಯೂ ಹಿಟ್ಟಿನ ಗಿರಣಿಯಿಂದ ಬಂದಂತೆ ಬೆಳ್ಳಗಾಯಿತು. ವಕೀಲರು ಆಕ್ಷೇಪಣೆ ಹೇಳುತ್ತಲೇ ಏಣಿ ಹಿಡಿದುಕೊಂಡರು. ಎಲೆಕ್ಟ್ರಿಷಿಯನ್ ಹೊಸ ಪೈಪನ್ನು ಹೊರಮುಖವಾಗಿ ಸ್ವಲ್ಪ ಇಳಿಜಾರು ಮಾಡಿ ಕೂರಿಸಿದ.

"ಇಳಿಜಾರಿಲ್ಲದಿದ್ರೆ ಹಬೆಯೆಲ್ಲ ನೀರಾಗಿ ವಾಪಸ್ ನಿಮ್ಮ ತಲೆ ಮೇಲೇ ತೊಟ್ಟಿಕ್ಕುತ್ತೆ ಸಾರ್. ಫ್ಯಾನೂ ಹೊಸದು ಹಾಕಿದೀನಿ, ತಿರುಗೋದೇ ಗೊತ್ತಾಗಲ್ಲ."

"ಪೈಪಿನ ಆ ಕಡೆ ಯಾರ ಮನೇನೂ ಇಲ್ಲ ತಾನೆ?"

"ಯಾರ ಮನೇನೂ ಇಲ್ಲ ಸಾರ್. ಬರೀ ರಸ್ತೆ."

ಸಂಜೆ ಲೈಬ್ರರಿಯವರು ಬಚ್ಚಲಲ್ಲಿ ನಿಂತು ಒಂದೆರಡು ಬೈಗುಳ ಎಸೆದು ಪರೀಕ್ಷೆ ಮಾಡಿದರು. ಮೇಲಿನ ಮನೆಗೆ ಹೋಗಿ ಕಿವಿಗೊಟ್ಟು ಬಂದ ಹೆಂಡತಿ, "ಒಂದಕ್ಷರ ಕೇಳಲ್ಲ. ನರ್ಸಮ್ಮನ ಮುಖ ಸಪ್ಪಗಾಗಿದೆ" ಎಂದರು.

ಇನ್ನು ತಡೆಯುವವರಾರು? ಬಿಸಿನೀರು ಬಿಟ್ಟು, ಸೋಪು ಹಚ್ಚಿಕೊಂಡು, ಲೈಬ್ರರಿಯವರು ಅಣೆಕಟ್ಟಿನ ಬಾಗಿಲು ತೆಗೆದರು. ಚಾಡಿಕೋರ ನರ್ಸಮ್ಮ, ಏಣಿ ಹಿಡಿದ ವಕೀಲ, ಪೈಪು ಹಾಕಿಸಿದ ಅಯೋಗ್ಯ ಕಂಟ್ರಾಕ್ಟರು, ಎಲ್ಲರಿಗೂ ತಲಾ ಐದು ನಿಮಿಷ. ಮೇಡಂಗೆ ಹದಿನೈದು. ಅವರ ನಡಿಗೆಯನ್ನು ಅಣಕಿಸಿದರು, ದನಿಯನ್ನು ಅನುಕರಿಸಿದರು, ಅವರ ನೆಲಮಾಳಿಗೆಗೆ ಅವರನ್ನೇ ಅಟ್ಟಿ ಬೀಗ ಜಡಿದರು. ಎರಡು ತಿಂಗಳಲ್ಲಿ ಇಷ್ಟು ಹಗುರಾದ ಸ್ನಾನ ಅವರಿಗೆ ಆಗಿರಲಿಲ್ಲ.

ತಲೆ ಒರೆಸಿಕೊಂಡು, ಹೊಸ ಪೈಪು ಹೊರಗಿನಿಂದ ಹೇಗೆ ಕಾಣುತ್ತದೆಂದು ನೋಡಲು ಉತ್ಸಾಹದಿಂದ ಕೆಳಗಿಳಿದರು.

ಪೈಪಿನ ಬಾಯಿ ನೇರ ಕೆಳಗಿನ ಬಸ್‌ ಸ್ಟಾಪಿನ ನೆತ್ತಿಗೇ ಗುರಿಯಿಟ್ಟಿತ್ತು. ಅದರಡಿ ಮೂವತ್ತು ಜನ ಕತ್ತು ಮೇಲೆತ್ತಿ ನಿಂತಿದ್ದರು. ಆಗಷ್ಟೇ ಬಂದ ಬಸ್ಸೊಂದು ಯಾರೂ ಹತ್ತದೆ ಖಾಲಿ ಹೊರಟಿತು. ಮುಂದಿನ ಸಾಲಿನಲ್ಲಿ ನರ್ಸಮ್ಮನೂ ವಕೀಲರೂ ಮನೆಯಿಂದ ಕುರ್ಚಿ ತಂದು ಹಾಕಿಕೊಂಡು ಕೂತಿದ್ದರು.

"ಆಕ್ಷೇಪಣೆ ವಾಪಸ್ ತಗೊಂಡಿದೀನಿ ಸಾರ್" ಎಂದರು ವಕೀಲರು, ಎದ್ದು ಕೈಕುಲುಕುತ್ತ. "ಮನೆ ಒಳಗಡೆಗಿಂತ ಇಲ್ಲೇ ಸ್ಪಷ್ಟ."

ಗುಂಪಿನಲ್ಲಿದ್ದ ಅಪರಿಚಿತನೊಬ್ಬ ಕಣ್ಣೊರೆಸಿಕೊಂಡು ನಗುತ್ತ ಮುಂದೆ ಬಂದ. "ಅದೆಲ್ಲ ಸರಿ ಸಾರ್, ಆ ಮೇಡಂ ಯಾವ ಲೈಬ್ರರೀಲಿ ಸಿಗ್ತಾರೆ? ಒಂದ್ಸಲ ನೋಡಲೇಬೇಕು."

ಲೈಬ್ರರಿಯವರು ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮ ವಿಳಾಸ, ಬಾಗಿಲು ತೆರೆಯುವ ಹೊತ್ತು, ಮೇಡಂ ಕೂರುವ ಕೋಣೆ, ಎಲ್ಲವನ್ನೂ ಮೂವತ್ತು ಜನಕ್ಕೂ ಕೇಳುವಂತೆ ಹೇಳಿ ಮುಗಿಸಿದ್ದರು.