ಕಾರಿಡಾರಿನ ಕೊನೆಯಲ್ಲಿರುವ ವಿದೇಶ

ವಿದೇಶಕ್ಕೆ ಕೆಲಸಕ್ಕೆ ಹೋಗುವವರು ಮೊದಲು ಪರವಾನಗಿ ಕಚೇರಿಗೆ ಹೋಗತಕ್ಕದ್ದು ಎಂಬುದು ನಿಯಮ. ಅಲ್ಲಿಂದ ಮುಂದಕ್ಕೆ ಯಾರೂ ಹೋಗಿಲ್ಲ ಎಂಬುದು ಅಂಕಿಅಂಶ.

ಫಿಸಿಯೋಥೆರಪಿ ಓದಿ ಮುಗಿಸಿದ ಹುಡುಗಿಗೆ ನಿಯಮವಷ್ಟೇ ಗೊತ್ತಿತ್ತು. ಸಮುದ್ರದಾಚೆಯ ಆಸ್ಪತ್ರೆಯೊಂದು ಅವಳಿಗಾಗಿ ಕೆಲಸ ಕಾದಿರಿಸಿತ್ತು. ವಿಮಾನದಿಂದ ತನ್ನವರೆಲ್ಲ ಎಷ್ಟು ಚಿಕ್ಕದಾಗಿ ಕಾಣುತ್ತಾರೆಂದು ನೋಡುವುದು ಅವಳ ಬಾಲ್ಯದ ಆಸೆ. ಅದಕ್ಕೆ ಬೇಕಿದ್ದದ್ದು ಕಚೇರಿಯ ಒಂದು ಮೊಹರು.

"ಮೊಹರು ಮೇಲಿನ ಕಪಾಟಲ್ಲಿದೆಯಮ್ಮ. ನನ್ನ ಭುಜ ಹಿಡ್ಕೊಂಡಿದೆ, ಕೈ ಮೇಲೇಳಲ್ಲ," ಎಂದರು ಅಧಿಕಾರಿಗಳು.

"ಕೆಳಗಿಟ್ಕೊಳ್ಳಬಹುದಲ್ಲ ಸಾರ್?"

"ಮೊಹರು ಉನ್ನತ ಸ್ಥಾನದಲ್ಲೇ ಇರಬೇಕು ಅಂತ ಸುತ್ತೋಲೆ ಇದೆ. ಬೇರೆಯವರು ಮುಟ್ಟೋ ಹಾಗೂ ಇಲ್ಲ."

ಹುಡುಗಿ ಸೀರೆಸೆರಗು ಸಿಕ್ಕಿಸಿಕೊಂಡು ಕೆಲಸಕ್ಕಿಳಿದಳು. ಬಾಗಿಲಿಗೆ ರಾಟೆ ಕಟ್ಟಿ ಅಧಿಕಾರಿಗಳಿಂದ ಹಗ್ಗ ಎಳೆಸಿದಳು. ಗೋಡೆಯ ಮೇಲೆ ಅವರ ಬೆರಳುಗಳನ್ನು ಮೆಲ್ಲಗೆ ಹತ್ತಿಸಿದಳು. ಕಡೆಗೊಂದು ಬೆಳಿಗ್ಗೆ ಅಧಿಕಾರಿಗಳ ಕೈ ಕಪಾಟು ಮುಟ್ಟಿ ಮೊಹರು ಇಳಿಸಿತು. ಚಪ್ಪಾಳೆ ತಟ್ಟಲು ದಡಕ್ಕನೆ ಎದ್ದ ಗುಮಾಸ್ತರು "ಅಯ್ಯಯ್ಯೋ!" ಎಂದು ಸೊಂಟ ಹಿಡಿದುಕೊಂಡರು.

"ಎಲ್ಲಿ ನೋವು?" ಎಂದಳು ಹುಡುಗಿ, ಅಭ್ಯಾಸಬಲದಿಂದ.

ನೋವಿನಲ್ಲೂ ಗುಮಾಸ್ತರ ಮುಖ ಅರಳಿತು. "ಕೇಳಿಸ್ಕೊಂಡ್ರಾ ಸಾರ್? ನಿಯಮ ಹೀಗಿದೆ: 'ಎಲ್ಲಿ ನೋವು ಎಂದು ಕೇಳಿದ ಕ್ಷಣದಿಂದ ಚಿಕಿತ್ಸೆ ಆರಂಭವಾದಂತೆ. ರೋಗಿಯನ್ನು ನಡುವೆ ಬಿಟ್ಟು ಚಿಕಿತ್ಸಕರು ದೇಶ ಬಿಡತಕ್ಕದ್ದಲ್ಲ.'"

ಮೊಹರು ಮತ್ತೆ ಕಪಾಟು ಸೇರಿತು.

"ಬಾಯಿಗೆ ಬೀಗ ಹಾಕ್ಕೊಳ್ಳೇ," ಎಂದು ಅಮ್ಮ ಮನೆಯಲ್ಲಿ ಬೈದಳು. "ಕುಂಟೋರು ಕಂಡ್ರೆ ಕಣ್ಣು ಮುಚ್ಕೋ!" ಮರುದಿನ ಜವಾನರು ಕುಂಟುತ್ತಾ ಬಂದರು. ಹುಡುಗಿ ಕಣ್ಣು ಮುಚ್ಚಿಕೊಂಡಳು. ಆದರೆ ಕುಂಟುವ ಸದ್ದು ಕಿವಿಗೆ ಬಿದ್ದು, ಬಾಯಿ ತಾನಾಗಿಯೇ "ಎಲ್ಲಿ ನೋವು?" ಎಂದು ಕೇಳಿಬಿಟ್ಟಿತು. ಆಮೇಲೆ ಕಚೇರಿಗೆ ನಾಚಿಕೆಯೇ ಉಳಿಯಲಿಲ್ಲ. ಲೆಕ್ಕಪತ್ರ ವಿಭಾಗದ ಕುತ್ತಿಗೆಗಳು, ಟಪಾಲು ವಿಭಾಗದ ಹಿಮ್ಮಡಿಗಳು ಸಾಲುಗಟ್ಟಿ ನಿಂತವು.

ಈ ತಿಂಗಳು ದಾಟಿದರೆ ಕೆಲಸ ಬೇರೆಯವರಿಗೆ ಎಂದು ಸಮುದ್ರದಾಚೆಯಿಂದ ಸುದ್ದಿ ಬಂತು. ಹುಡುಗಿ ಅಧಿಕಾರಿಗಳ ಮೇಜಿನ ಮುಂದೆ ಕೂತು ಗಳಗಳನೆ ಅತ್ತಳು. ಅಧಿಕಾರಿಗಳೂ ಬಲಗೈ ಎತ್ತಿ ಕಣ್ಣೊರೆಸಿಕೊಂಡರು. ಆ ಕೈ ಅಷ್ಟು ಸಲೀಸಾಗಿ ಏಳುವುದನ್ನು ಕಂಡು ಅಳುವಿನ ನಡುವೆಯೂ ಅವಳಿಗೆ ಹೆಮ್ಮೆಯಾಯಿತು.

"ಅನ್ಯಾಯ ಆಗೋಕೆ ಬಿಡಲ್ಲಮ್ಮ," ಎಂದರು ಅವರು. ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು:

"ಕಾರಿಡಾರಿನ ಕೊನೆಯಲ್ಲಿರುವ ದಾಖಲೆ ಕೊಠಡಿಯನ್ನು ನಾಳೆಯಿಂದ ವಿದೇಶವೆಂದು ಪರಿಗಣಿಸತಕ್ಕದ್ದು. ಪಾಸ್‌ಪೋರ್ಟ್ ಇಲ್ಲದೆ ಪ್ರವೇಶವಿಲ್ಲ. ಚಿಕಿತ್ಸೆಗೆ ತೆರಳುವ ಸಿಬ್ಬಂದಿಗೆ ವಿದೇಶ ಪ್ರವಾಸ ಭತ್ಯೆ ಸಲ್ಲತಕ್ಕದ್ದು. ಶೌಚಾಲಯಕ್ಕೆ ಹೋಗುವವರು ವಿದೇಶದ ಮೂಲಕ ಹಾದುಹೋಗಬಾರದು."

ಅಭ್ಯರ್ಥಿ ಈಗಾಗಲೇ ವಿದೇಶದಲ್ಲಿ ಕೆಲಸಕ್ಕೆ ಸೇರಿರುವುದಾಗಿ ಸಮುದ್ರದಾಚೆಯ ಆಸ್ಪತ್ರೆಗೆ ತಿಳಿಸಲಾಯಿತು.

ಬೀಳ್ಕೊಡಲು ಅಮ್ಮ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಕಾರಿಡಾರಿಗೆ ಬಂದಿದ್ದರು. ಸೋದರಮಾವ ಪೆಟ್ಟಿಗೆ ಎತ್ತಿ ನೋಡಿ, ತೂಕ ಹೆಚ್ಚಾಯಿತೇನೋ ಎಂದು ಆತಂಕಪಟ್ಟರು. ಅಧಿಕಾರಿಗಳು ಮೊಹರು ಇಳಿಸಿ ಪಾಸ್‌ಪೋರ್ಟಿಗೆ ಒತ್ತಿದರು. ಹುಡುಗಿ ಅಮ್ಮನನ್ನು ತಬ್ಬಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು. ಕೂಡಲೇ ಅಮ್ಮನ ಫೋನು ರಿಂಗಾಯಿತು.

"ತಲುಪಿದ್ಯೇನೇ?"

"ಈಗ ತಾನೇ ಅಮ್ಮ. ಇಲ್ಲಿ ಸಿಕ್ಕಾಪಟ್ಟೆ ಚಳಿ." ವಿದೇಶಕ್ಕೆ ತಕ್ಕಂತೆ ಹೊಸ ಏಸಿ ಹಾಕಿಸಿದ್ದರು.

"ಸ್ವೆಟರ್ ಹಾಕ್ಕೋ. ಅಲ್ಲಿ ಈಗ ಗಂಟೆ ಎಷ್ಟು?"

ಹುಡುಗಿ ಗಡಿಯಾರ ಹುಡುಕಿದಳು. ಅದು ಕಡತಗಳ ಹಿಂದೆ ಯಾವತ್ತೋ ನಿಂತುಹೋಗಿತ್ತು. "ನಿಮಗಿಂತ ತುಂಬಾ ಹಿಂದೆ," ಎಂದಳು. ಆಮೇಲೆ ಕಡತಗಳ ರಾಶಿ ಹತ್ತಿ, ಬಾಗಿಲ ಮೇಲಿನ ಗವಾಕ್ಷಿಯಿಂದ ಕೆಳಗೆ ಇಣುಕಿದಳು. ಖುಷಿಯಿಂದ ಫೋನಿಗೆ ಕೂಗಿದಳು:

"ಅಮ್ಮಾ, ಇಲ್ಲಿಂದ ನೀವೆಲ್ಲ ಎಷ್ಟು ಚಿಕ್ಕದಾಗಿ ಕಾಣ್ತೀರಿ!"

ಎಲ್ಲರೂ ತಲೆಯೆತ್ತಿ ಕೈ ಬೀಸಿದರು. ಅಧಿಕಾರಿಗಳ ಕೈ ಎಲ್ಲರಿಗಿಂತ ಎತ್ತರದಲ್ಲಿತ್ತು.