ಕೊಡ ಬಗ್ಗಿಸಿದ ಹೆಂಗಸಿನ ಮುಖ

ಬಯಲಲ್ಲಿ ನಿಲ್ಲುವ ಶಿಲ್ಪಗಳನ್ನು ಮಾಡುವವನಿಗೆ ನೆಮ್ಮದಿ ಎಂಬುದಿಲ್ಲ. ಮನೆಯೊಳಗಿನ ಬೊಂಬೆಯಾದರೆ ಷೋಕೇಸಿನಲ್ಲಿ ಕೂರಿಸಿ ಬಾಗಿಲು ಹಾಕಿದರೆ ಮುಗಿಯಿತು. ಅಂಕೋಲೆಯ ಉದ್ಯಾನವೊಂದರಲ್ಲಿ ನಾನು ನಿಲ್ಲಿಸಿದ ಸಿಮೆಂಟಿನ ಕೊಕ್ಕರೆಯ ಕೊಕ್ಕಿಗೆ ಜನ ಛತ್ರಿ ತೂಗುಹಾಕುತ್ತಾರೆ. ಕಾರಂಜಿಯಾದರಂತೂ ನೀರು ಬರುತ್ತಿದೆಯೋ ಇಲ್ಲವೋ ಎಂಬ ಚಿಂತೆ ಬೇರೆ. ಕಾರವಾರದ ಮನೆಯಲ್ಲಿ ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು ಬಸ್ಸು ಹಿಡಿದದ್ದುಂಟು.

ಕಳೆದ ವರ್ಷ ತೋಡೂರಿನ ಕಡೆಯ ಕಾಲನಿಯೊಂದರ ಜನ ಬಂದರು. ಚೆಂಡಿಯಾದ ಜಮೀನು ನೌಕಾನೆಲೆಗೆ ಹೋದ ಮೇಲೆ ಅಲ್ಲಿಂದ ಎದ್ದು ಬಂದ ಕುಟುಂಬಗಳು ಅವು. ತಮ್ಮ ಸರ್ಕಲ್ಲಿಗೆ ಕೊಡದಿಂದ ನೀರು ಸುರಿಯುವ ಹೆಂಗಸಿನ ಕಾರಂಜಿ ಬೇಕೆಂದರು. ಮುಖಕ್ಕೆ ಮಾದರಿ ಬೇಕಲ್ಲ? ನನ್ನೆದುರು ಅಲುಗಾಡದೆ ಕೂರುವವಳು ಹೆಂಡತಿ ಸುಮಿತ್ರಾ ಒಬ್ಬಳೇ, ಅದೂ ಟೀವಿಯಲ್ಲಿ ಧಾರಾವಾಹಿ ಬರುವಾಗ ಮಾತ್ರ. ಹಾಗಾಗಿ ನನ್ನ ಹೆಂಗಸು ಕೊಡ ಬಗ್ಗಿಸುತ್ತಲೇ ‘ಮುಂದೇನಾಗುತ್ತದೋ’ ಎಂಬಂತೆ ನೋಡುತ್ತಾಳೆ.

ಉದ್ಘಾಟನೆಯ ದಿನ ಸುಮಿತ್ರಾ ಹೊಸ ಸೀರೆಯುಟ್ಟು ಕಾರಂಜಿಯ ಪಕ್ಕದಲ್ಲೇ, ಅದರ ಹಾಗೆಯೇ ತಲೆ ಸ್ವಲ್ಪ ಓರೆ ಮಾಡಿ ನಿಂತಳು. ಯಾರಾದರೂ ಗುರುತು ಹಿಡಿಯಲಿ ಎಂಬ ಆಸೆ. ಯಾರೂ ಹಿಡಿಯಲಿಲ್ಲ. ಅಷ್ಟರಲ್ಲಿ ಕಾಲನಿಯ ದೇವಮ್ಮ ಎಂಬ ಅಜ್ಜಿ ಮೆಲ್ಲಗೆ ಬಂದು, ಕಾರಂಜಿಯ ಮುಖವನ್ನು ನೋಡುತ್ತ ನಿಂತೇಬಿಟ್ಟರು.

“ಇದು ನಮ್ಮ ಅವ್ವಿಯೇ. ಹಳೇ ಮನೆ ಬಾವಿಕಟ್ಟೆ ಮೇಲೆ ಹೀಂಗೇ ಬಗ್ತಿದ್ಲು. ಅವಳದ್ದೊಂದು ಫೋಟೋ ಸೈತ ನಮ್ಮತ್ರ ಇರ್ಲಿಲ್ಲ. ಬಾವಿನೂ ಹೋಯ್ತು,” ಎಂದವರು ನನ್ನತ್ತ ತಿರುಗಿದರು. “ನೀವು ಅವಳನ್ನ ಎಲ್ಲಿ ಕಂಡಿದ್ರಿ?”

ನಿಜ ಹೇಳಿದರೆ ಅಜ್ಜಿಯ ತಾಯಿ ಇನ್ನೊಮ್ಮೆ ಹೋಗುತ್ತಾಳೆ. ಸುಳ್ಳು ಹೇಳಿದರೆ ಹೆಂಡತಿ ಪಕ್ಕದಲ್ಲೇ ಇದ್ದಾಳೆ. ಆಗ ಸುಮಿತ್ರಾಳೇ, “ಇವರ ಕೈಗೆ ತಾನಾಗಿ ಬಂದ ಮುಖ ಅಜ್ಜಿ,” ಎಂದಳು. ದೇವಮ್ಮ ತಮ್ಮ ಮುಡಿಯ ಅಬ್ಬಲಿಗೆ ಹೂವಿನ ದಂಡೆ ತೆಗೆದು ಸಿಮೆಂಟಿನ ಕೊರಳಿಗೆ ಹಾಕಿದರು.

ಆ ರಾತ್ರಿ ಅನ್ನ ಬಡಿಸುವಾಗ ಸುಮಿತ್ರಾ ಅಂದಳು: “ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಮುಖ ಸಮಾ ನೋಡಿದ್ರಿ. ಅದನ್ನೂ ಅಲ್ಲೇ ಕೊಟ್ಟು ಬಂದ್ರಿ.”

“ಕೊಟ್ಟವಳು ನೀನೇ ಅಲ್ವನೆ?” ಎಂದೆ.

“ಮತ್ತೆಂತ ಮಾಡೂದಿತ್ತು?”

ಆಮೇಲೆ ನನಗೆ ನಿದ್ದೆಯೂ ಸರಿಯಾಗಿ ಬರಲಿಲ್ಲ. ನೆಪ ಮಾಡಿಕೊಂಡು ಆಗಾಗ ಕಾಲನಿಗೆ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಆ ಕೊರಳಲ್ಲಿ ಹೊಸ ಹೂವಿರುತ್ತಿತ್ತು. ಅದು ನನಗೆ ಸಂತೋಷವೋ ಸಂಕಟವೋ ತಿಳಿಯುತ್ತಿರಲಿಲ್ಲ. ಮೊನ್ನೆ ಸುಮಿತ್ರಾಳೂ ಜೊತೆಗೆ ಬಂದಳು. ನಾನು ಪ್ಯಾಂಟು ಮಡಚಿ ತೊಟ್ಟಿಗಿಳಿದು ಪೈಪಿಗೆ ಸಿಕ್ಕಿಕೊಂಡ ಎಲೆ ಕೀಳುತ್ತಿದ್ದೆ. ಹೂ ಹಿಡಿದು ಬಂದ ದೇವಮ್ಮ ಅವಳನ್ನು ಹತ್ತಿರ ಕರೆದು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

“ತಂಗಿ, ನಿನ್ನ ಮೋರೆಲಿ ನಮ್ಮ ಅವ್ವಿ ಛಾಯೆ ಅದೆ. ಪೂರಾ ಇಲ್ಲ, ಸ್ವಲ್ಪ.”

ಸುಮಿತ್ರಾಳ ಕಣ್ಣು ತುಂಬಿತು. “ಅಷ್ಟಾದ್ರೂ ಅದ್ಯಲ್ಲ ಅಜ್ಜಿ,” ಎಂದಳು. ಅಜ್ಜಿ ಅರ್ಧ ಹೂವನ್ನು ಅವಳಿಗೆ ಮುಡಿಸಿದರು. ಆಮೇಲೆ ತೊಟ್ಟಿಯಲ್ಲಿ ಕೆಸರು ಮೆತ್ತಿಕೊಂಡು ನಿಂತಿದ್ದ ನನ್ನನ್ನು ನೋಡಿ, ಗುರುತು ಸಿಗದೆ, “ಇವರ್ಯಾರು?” ಎಂದು ಕೇಳಿದರು.

ಬಾಯಿ ತೆರೆದೆ. ಸುಮಿತ್ರಾ ಹೂವನ್ನು ಸರಿಮಾಡಿಕೊಳ್ಳುತ್ತ ಹೇಳಿದಳು: “ಪಂಪು ರಿಪೇರಿಯವರು.”