ಗಂಗಮ್ಮನಿಗೆ ಹೇಳಿದ ಗುಟ್ಟು

ನನ್ನ ಹೊಟ್ಟೆಯಲ್ಲಿ ಊಟ ಎಷ್ಟು ಬೇಕಾದರೂ ನಿಲ್ಲುತ್ತದೆ, ಗುಟ್ಟು ಮಾತ್ರ ನಿಲ್ಲುವುದಿಲ್ಲ. ತಂಗಿಗೆ ಗಂಡು ಗೊತ್ತಾದ ಸುದ್ದಿಯನ್ನು ತಂಗಿಗಿಂತ ಮೊದಲು ಬೀದಿಗೆ ತಲುಪಿಸಿದವನು ನಾನು. ಇಂಥವನಿಂದ ನಮ್ಮ ಯಜಮಾನರು ಗೌಪ್ಯತಾ ಕರಾರಿಗೆ ಸಹಿ ಹಾಕಿಸಿಕೊಂಡರೆಂದರೆ ಅವರ ಧೈರ್ಯವನ್ನು ಮೆಚ್ಚಬೇಕು.

ಚಿತ್ರದುರ್ಗದಲ್ಲಿ ನಮ್ಮದು ಹನ್ನೊಂದು ಜನರ ಸಾಫ್ಟ್‌ವೇರ್ ಕಂಪನಿ. ಈರುಳ್ಳಿ ಲಾರಿ ಎಲ್ಲಿದೆ ಎಂದು ಮಂಡಿಯವರಿಗೆ ತೋರಿಸುವ ಆ್ಯಪ್ ಮಾಡುತ್ತೇವೆ. ಬೆಂಗಳೂರಿನ ದೊಡ್ಡ ಕಂಪನಿಯೊಂದು ಅದನ್ನು ಕೊಳ್ಳಲು ಬಂದಿತ್ತು. ಮಾರಾಟ ಮುಗಿಯುವವರೆಗೆ ಯಾರೂ ಬಾಯಿಬಿಡುವಂತಿಲ್ಲ. ಬಿಟ್ಟರೆ ವ್ಯವಹಾರ ರದ್ದು, ಮೇಲೆ ಕೋರ್ಟು. ಮ್ಯಾನೇಜರಾದ ನಾನು ಹೆಂಡತಿ ಗಿರಿಜೆಗೂ ಹೇಳಲಿಲ್ಲ. ಇಪ್ಪತ್ತು ದಿನ! ನನ್ನ ಮುಖ ನೋಡಿ ಅವಳು, "ಯಾಕ್ರಿ, ಹೊಟ್ಟೆನೋವಾ?" ಎಂದು ಜೀರಿಗೆ ಕಷಾಯ ಕೊಟ್ಟಳು. ಕುಡಿದೆ.

ಕೊನೆಗೆ ತಡೆಯಲಾರದೆ ಹಾಲುರಾಮೇಶ್ವರಕ್ಕೆ ಹೋದೆ. ದೇವರಿಗೆ ಹೇಳಿದರೆ ಕರಾರು ಮುರಿದಂತಲ್ಲ ಎಂಬುದು ನನ್ನ ಕಾನೂನು ಜ್ಞಾನ. ಅಲ್ಲಿ ಕೊಳದ ಗಂಗಮ್ಮನಲ್ಲಿ ಕೋರಿಕೊಂಡರೆ ನೀರಿನಿಂದ ಪ್ರಸಾದ ತೇಲಿ ಬರುತ್ತದೆ. ಅರ್ಚಕರ ಕಿವಿಯಲ್ಲಿ ಮೆಲ್ಲಗೆ ಹೇಳಿದೆ. ಗಂಗಮ್ಮನಿಗೆ ಕೇಳಿಸಬೇಕಲ್ಲ, ಅವರು ಗಟ್ಟಿಯಾಗಿಯೇ ಕೂಗಿದರು: "ತಾಯೀ, ದುರ್ಗದ ಇವ್ರ ಕಂಪ್ನಿನ ಬೆಂಗ್ಳೂರೋರು ಕೊಂಡ್ಕಂತಾರಂತೆ, ಕೆಲ್ಸ ಆಗಂಗಿದ್ರೆ ಪ್ರಸಾದ ಕೊಡವ್ವಾ!" ಬಾಳೆಹಣ್ಣು ತೇಲಿ ಬಂತು. ಸರದಿಯಲ್ಲಿದ್ದವರೆಲ್ಲ ಕೈಮುಗಿದರು. ನಾನು ಹಣ್ಣು ಹಿಡಿದು, ಹಿಂದೆಮುಂದೆ ನೋಡದೆ ಬಸ್ಸಿಗೆ ಓಡಿದೆ.

ನಾಲ್ಕನೇ ದಿನ ಬೆಂಗಳೂರಿನವರ ನೋಟಿಸ್ ಬಂತು: ಕೊಳದ ಬಳಿ, ಭಕ್ತಾದಿಗಳ ಸಮ್ಮುಖದಲ್ಲಿ, ರಹಸ್ಯ ಬಹಿರಂಗ. ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತರು. ಅವರ ಹತ್ತು ವರ್ಷದ ದುಡಿಮೆ ನನ್ನ ಬಾಯಿಂದ ಹಾಳಾಯಿತಲ್ಲ ಎಂದು ನನಗೆ ನಿಜಕ್ಕೂ ಅಳು ಬಂತು. ನಮ್ಮ ವಕೀಲ ರುದ್ರಪ್ಪನವರು ಮಾತ್ರ ನೋಟಿಸನ್ನು ಎರಡು ಸಲ ಓದಿ, "ಇದನ್ನ ಕಣ್ಣಾರೆ ಕಂಡೋರು ಯಾರಂತಪ್ಪ?" ಎಂದು ಆ ಕಂಪನಿಗೆ ಫೋನು ಮಾಡಿದರು. ಕಂಡವರು ಅವರದೇ ಡೈರೆಕ್ಟರು. ಸರದಿಯಲ್ಲಿ ನನ್ನ ಹಿಂದೆಯೇ ನಿಂತಿದ್ದರಂತೆ.

"ಸಾಹೇಬ್ರು ಅಲ್ಲಿಗೆ ಏನ್ ಕೇಳಾಕೆ ಬಂದಿದ್ರು?"

ಅತ್ತಲಿನವರು ಎರಡು ಸಲ ಕೆಮ್ಮಿ, ಕೊನೆಗೆ ನಿಜ ಒಪ್ಪಿಕೊಂಡರು. ಡೈರೆಕ್ಟರು ಕೇಳಲು ಬಂದಿದ್ದೂ ಇದೇ ಮಾರಾಟದ ವಿಷಯವನ್ನೇ. ಅದನ್ನೂ ಅರ್ಚಕರು ಅಷ್ಟೇ ಗಟ್ಟಿಯಾಗಿ ಕೂಗಿದ್ದರು.

ನೋಟಿಸ್ ವಾಪಸಾಯಿತು. ಹೊಸ ಕರಾರಿನಲ್ಲಿ ರುದ್ರಪ್ಪನವರು ಒಂದು ಸಾಲು ಸೇರಿಸಿದರು: ವಿಷಯವನ್ನು ವಕೀಲರಿಗೆ, ಆಡಿಟರಿಗೆ ಮತ್ತು ದೇವರಿಗೆ ತಿಳಿಸಬಹುದು. ಮಾರಾಟವೂ ಸುಖವಾಗಿ ಮುಗಿಯಿತು, ಹನ್ನೊಂದು ಜನರ ಕೆಲಸವೂ ಉಳಿಯಿತು. ಆಮೇಲೆ ಗಿರಿಜೆ ಆ ಕರಾರು ಓದಿ, "ವಕೀಲ್ರು ಅವ್ರೆ, ದೇವ್ರೂ ಐತೆ. ಇದ್ರಾಗೆ ನಾನೆಲ್ಲಿ ಅದೀನ್ರಿ?" ಎಂದಳು.

ಕಳೆದ ಸೋಮವಾರ ಅವಳೊಬ್ಬಳೇ ಹಾಲುರಾಮೇಶ್ವರಕ್ಕೆ ಹೋಗಿಬಂದಳು. ಕೊಬ್ಬರಿ ತೇಲಿ ಬಂತಂತೆ. "ಏನ್ ಕೇಳ್ಕಂಡೆ?" ಎಂದೆ. "ಗುಟ್ಟು. ಹೇಳಂಗಿಲ್ಲ" ಎಂದು ಒಂದು ಚೂರು ಕೊಬ್ಬರಿ ನನ್ನ ಕೈಗಿಟ್ಟು ಒಳಗೆ ಹೋದಳು. ಅಂದಿನಿಂದ ಮತ್ತೆ ಹೊಟ್ಟೆನೋವು. ಜೀರಿಗೆ ಕಷಾಯವನ್ನು ಈಗ ನಾನೇ ಕಾಯಿಸಿಕೊಳ್ಳುತ್ತಿದ್ದೇನೆ.